ವಿಕಿರಣಶೀಲ ವಸ್ತುಗಳ ಮರುಬಳಕೆ: ಸಾಧ್ಯತೆ ಮತ್ತು ಮಿತಿ

ಪೀಠಿಕೆ

ಬಳಸಿ ಸವೆದ ವಸ್ತುವನ್ನು ಮತ್ತೆ ಬಳಕೆಗೆ ತರುವ ಪದ್ಧತಿ ನಮ್ಮ ಸಮಾಜಕ್ಕೆ ಹೊಸದೇನೂ ಅಲ್ಲ. ಒಡೆದ ತಾಮ್ರದ ಹಂಡೆ ಕಂಚುಗಾರರ ಕೈ ಸೇರಿ ಬೇರೊಂದು ಪಾತ್ರೆಯಾಗುವುದನ್ನೂ, ಸವೆದ ನೇಗಿಲಿನ ಕುಳ ಕಮ್ಮಾರನ ಕುಲುಮೆಯಲ್ಲಿ ಕಾದು ಕುಡುಗೋಲಾಗುವುದನ್ನೂ ತಲೆಮಾರುಗಳಿಂದ ಕಂಡಿದ್ದೇವೆ. ಬೆಂಕಿಗೆ ಬಿದ್ದ ಲೋಹ ತನ್ನ ಹಿಂದಿನ ಆಕಾರವನ್ನೂ ಬಹುಮಟ್ಟಿಗೆ ತನ್ನ ಕೊಳೆಯನ್ನೂ ಕಳೆದುಕೊಳ್ಳುವುದರಿಂದಲೇ ಇದು ಸಾಧ್ಯವಾಗಿದೆ. ವಿಕಿರಣಶೀಲ ವಸ್ತುಗಳ ವಿಷಯದಲ್ಲಿ ಈ ಅನುಕೂಲವಿಲ್ಲ. ಕುಲುಮೆಯ ಶಾಖವಾಗಲಿ, ಆಮ್ಲದ ತೀಕ್ಷ್ಣತೆಯಾಗಲಿ ಪರಮಾಣುವಿನ ಹೊರಕವಚದ ಎಲೆಕ್ಟ್ರಾನುಗಳನ್ನಷ್ಟೇ ಕದಲಿಸಬಲ್ಲವು. ವಿಕಿರಣದ ಮೂಲವಾದ ಬೀಜವನ್ನು ಅವು ಮುಟ್ಟಲಾರವು. ಸೀಸಿಯಂ-137ನ್ನು ಸುಟ್ಟರೂ ಕರಗಿಸಿದರೂ ನೀರಿನಲ್ಲಿ ಕದಡಿದರೂ ಅದು ಸೀಸಿಯಂ-137 ಆಗಿಯೇ ಉಳಿಯುತ್ತದೆ.

ಹಾಗಾದರೆ ವಿಕಿರಣಶೀಲ ವಸ್ತುಗಳನ್ನು ಮರುಬಳಕೆ ಮಾಡಬಹುದೆ? ಈ ಪ್ರಶ್ನೆಗೆ ಸಾರ್ವಜನಿಕ ಚರ್ಚೆಯಲ್ಲಿ ಎರಡು ತುದಿಯ ಉತ್ತರಗಳು ಕೇಳಿಬರುತ್ತವೆ. ಪರಮಾಣು ಸ್ಥಾವರಗಳಿಂದ ಹೊರಬರುವ ಇಂಧನದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಭಾಗ ಮರುಬಳಕೆಗೆ ಯೋಗ್ಯವಾದುದರಿಂದ ಅದನ್ನು ತ್ಯಾಜ್ಯವೆನ್ನುವುದೇ ತಪ್ಪು ಎಂಬುದು ಒಂದು ಉತ್ತರ. ವಿಕಿರಣ ಸೋಂಕಿದ ಯಾವ ವಸ್ತುವೂ ಮತ್ತೆ ಜನಬಳಕೆಗೆ ಬರಕೂಡದು ಎಂಬುದು ಇನ್ನೊಂದು. ಕರ್ನಾಟಕಕ್ಕೆ ಇದು ದೂರದ ಚರ್ಚೆಯಲ್ಲ. ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿರುವ ಕೈಗಾ ಸ್ಥಾವರದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿದ್ದು, ಮೊದಲೆರಡು 2000ದಲ್ಲಿಯೂ, ಮೂರನೆಯದು 2007ರಲ್ಲಿಯೂ, ನಾಲ್ಕನೆಯದು 2011ರಲ್ಲಿಯೂ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಈ ಯೋಜನೆಯನ್ನು ವಿರೋಧಿಸಿ ಡಾ. ಕೆ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಸ್ಪರ್ಧಿಸಿದ್ದು ಕನ್ನಡಿಗರ ನೆನಪಿನಲ್ಲಿದೆ. ತ್ಯಾಜ್ಯದ ಗತಿಯೇನು ಎಂಬುದು ಅಂದಿನಿಂದ ಇಂದಿನವರೆಗೂ ಕೇಳಿಬರುತ್ತಿರುವ ಪ್ರಶ್ನೆ. ಮರುಬಳಕೆ ಎಂಬ ಒಂದೇ ಹೆಸರಿನಲ್ಲಿ ನಡೆಯುವ ಬೇರೆ ಬೇರೆ ಕ್ರಿಯೆಗಳನ್ನು ವಿಂಗಡಿಸಿ, ಪ್ರತಿಯೊಂದರಲ್ಲಿ ಎಷ್ಟು ಸಾಧ್ಯ, ಎಲ್ಲಿ ಮಿತಿ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೂಲಭೂತ ನಿಯಮಗಳು

ವಿಕಿರಣಶೀಲ ಸಮಸ್ಥಾನಿಯೊಂದರ ಅರ್ಧಭಾಗ ಕ್ಷಯಿಸಲು ಬೇಕಾಗುವ ಅವಧಿಯೇ ಅದರ ಅರ್ಧಾಯು. ಹತ್ತು ಅರ್ಧಾಯುಗಳು ಕಳೆದರೆ ಮೂಲ ಪ್ರಮಾಣದ ಸುಮಾರು ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ; ಸ್ಟ್ರಾನ್ಷಿಯಂ-90ರದು ಸುಮಾರು 29 ವರ್ಷ; ಸೀಸಿಯಂ-137ರದು ಸುಮಾರು 30 ವರ್ಷ; ಪ್ಲುಟೋನಿಯಂ-239ರದು ಸುಮಾರು 24,100 ವರ್ಷ; ಅಯೊಡಿನ್-129ರದು ಒಂದೂವರೆ ಕೋಟಿ ವರ್ಷಕ್ಕಿಂತ ಹೆಚ್ಚು. ಇವೆಲ್ಲವನ್ನೂ 'ವಿಕಿರಣಶೀಲ ತ್ಯಾಜ್ಯ' ಎಂಬ ಒಂದೇ ಮಾತಿನಲ್ಲಿ ಹಿಡಿದಿಡುವುದರಿಂದಲೇ ಹಲವು ಗೊಂದಲಗಳು ಹುಟ್ಟುತ್ತವೆ.

ಇಂತಹ ವಸ್ತುವಿನೊಡನೆ ಮನುಷ್ಯ ಮಾಡಬಹುದಾದದ್ದು ಮುಖ್ಯವಾಗಿ ಮೂರು ಕೆಲಸಗಳನ್ನು. ಒಂದು, ರಾಸಾಯನಿಕ ವಿಧಾನಗಳಿಂದ ಒಂದು ಧಾತುವನ್ನು ಇನ್ನೊಂದರಿಂದ ಬೇರ್ಪಡಿಸುವುದು. ಎರಡು, ಬೇರ್ಪಡಿಸಿದ್ದನ್ನು ಭದ್ರವಾಗಿ ಕೂಡಿಡುವುದು. ಮೂರು, ಕಾಲಕ್ಕೆ ಬಿಟ್ಟು ಕಾಯುವುದು. ಬೀಜವನ್ನೇ ಬದಲಿಸುವ ನಾಲ್ಕನೆಯ ಮಾರ್ಗವೊಂದಿದೆ: ನ್ಯೂಟ್ರಾನುಗಳಿಂದ ತಾಡಿಸಿ ಒಂದು ಧಾತುವನ್ನು ಬೇರೊಂದಾಗಿಸುವುದು. ಅದಕ್ಕೆ ಮತ್ತೊಂದು ರಿಯಾಕ್ಟರೇ ಬೇಕು. ವಿಕಿರಣಶೀಲ ವಸ್ತುಗಳ ಮರುಬಳಕೆಯ ಎಲ್ಲ ವಿಧಾನಗಳೂ ಈ ನಾಲ್ಕರ ಸಂಯೋಜನೆಗಳೇ ಆಗಿವೆ.

ಬಳಸಿದ ಇಂಧನದ ಮರುಸಂಸ್ಕರಣೆ

ಮರುಬಳಕೆಯ ಮೊದಲ ಹಾಗೂ ಅತ್ಯಂತ ದೊಡ್ಡ ಕ್ಷೇತ್ರ ರಿಯಾಕ್ಟರಿನಿಂದ ಹೊರತೆಗೆದ ಇಂಧನ. ನಿಸರ್ಗದ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ-235ರ ಪಾಲು ಶೇಕಡಾ 0.7 ಮಾತ್ರ, ಉಳಿದುದು ಯುರೇನಿಯಂ-238. ರಿಯಾಕ್ಟರಿನಲ್ಲಿ ಮೊದಲನೆಯದು ಒಡೆದು ಶಾಖವನ್ನು ಕೊಡುತ್ತಿರುವಾಗ ಎರಡನೆಯದರ ಸ್ವಲ್ಪ ಭಾಗ ನ್ಯೂಟ್ರಾನನ್ನು ಹೀರಿ, ನೆಪ್ಚೂನಿಯಂನ ಹಂತವನ್ನು ದಾಟಿ ಪ್ಲುಟೋನಿಯಂ-239 ಆಗುತ್ತದೆ. ಹೀಗೆ ಉರಿಯುವ ಇಂಧನದ ಜೊತೆಯಲ್ಲೇ ಹೊಸ ಇಂಧನವೂ ಹುಟ್ಟುತ್ತದೆ. ಜಗತ್ತಿನಲ್ಲಿ ಹೆಚ್ಚು ಪ್ರಚಾರದಲ್ಲಿರುವ ಹಗುರನೀರಿನ ರಿಯಾಕ್ಟರುಗಳಿಂದ ಹೊರಬರುವ ಇಂಧನದಲ್ಲಿ ಸುಮಾರು ಶೇಕಡಾ 95 ಯುರೇನಿಯಂ, ಶೇಕಡಾ 1ರಷ್ಟು ಪ್ಲುಟೋನಿಯಂ ಇದ್ದು, ವಿದಳನದ ಚೂರುಗಳ ಪಾಲು ಶೇಕಡಾ 3ರಿಂದ 4. ಅಮೆರಿಸಿಯಂ, ಕ್ಯೂರಿಯಂ, ನೆಪ್ಚೂನಿಯಂಗಳು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ.

ಇವುಗಳನ್ನು ಬೇರ್ಪಡಿಸಲು ಇಂದಿಗೂ ಬಳಕೆಯಲ್ಲಿರುವ ವಿಧಾನ ಪ್ಯೂರೆಕ್ಸ್. ಹೊರತೆಗೆದ ಇಂಧನವನ್ನು ಮೊದಲು ಕೆಲವು ವರ್ಷಗಳ ಕಾಲ ನೀರಿನ ಕೊಳಗಳಲ್ಲಿರಿಸಿ ತಣಿಸುತ್ತಾರೆ. ಬಳಿಕ ದಪ್ಪ ಕಾಂಕ್ರೀಟು ಗೋಡೆಗಳ ಹಿಂದೆ, ದೂರನಿಯಂತ್ರಿತ ಯಂತ್ರಗಳಿಂದ ಅದನ್ನು ತುಂಡರಿಸಿ ಕುದಿಯುವ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಹೊರಕವಚದ ಲೋಹ ಕರಗದೆ ಉಳಿಯುತ್ತದೆ. ಈ ದ್ರಾವಣವನ್ನು ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ, ಸೀಮೆಎಣ್ಣೆಯ ವರ್ಗದ ದ್ರವದಲ್ಲಿ ಬೆರೆಸಿದ ರಾಸಾಯನಿಕದೊಡನೆ ಕಲಕಿದಾಗ ಯುರೇನಿಯಂ ಮತ್ತು ಪ್ಲುಟೋನಿಯಂಗಳು ಎಣ್ಣೆಯ ಪದರಕ್ಕೆ ಏರುತ್ತವೆ. ವಿದಳನದ ಚೂರುಗಳು ಆಮ್ಲದ ಪದರದಲ್ಲೇ ಉಳಿಯುತ್ತವೆ. ಅನಂತರ ಪ್ಲುಟೋನಿಯಂ ಅನ್ನು ನಾಲ್ಕರ ವೇಲೆನ್ಸಿಯಿಂದ ಮೂರಕ್ಕೆ ಇಳಿಸಿದರೆ ಅದು ಎಣ್ಣೆಯನ್ನು ಬಿಟ್ಟು ಆಮ್ಲಕ್ಕೆ ಮರಳುತ್ತದೆ. ಯುರೇನಿಯಂ ಎಣ್ಣೆಯಲ್ಲೇ ನಿಲ್ಲುತ್ತದೆ. ತತ್ತ್ವ ಸರಳವಾದರೂ ಆಚರಣೆ ಕಠಿಣ. ಪ್ಲುಟೋನಿಯಂ ಒಂದೆಡೆ ಹೆಚ್ಚಾಗಿ ಕೂಡಿದರೆ ಸರಣಿಕ್ರಿಯೆ ತಾನಾಗಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಪಾತ್ರೆಗಳ ಆಕಾರ, ಗಾತ್ರಗಳನ್ನೂ ಅದಕ್ಕೆ ತಕ್ಕಂತೆ ರೂಪಿಸಬೇಕಾಗುತ್ತದೆ.

ಭಾರತ ಈ ತಂತ್ರವನ್ನು ಬಹು ಬೇಗ ಕೈಗೆತ್ತಿಕೊಂಡಿತು. ಟ್ರಾಂಬೆಯ ಮರುಸಂಸ್ಕರಣ ಸ್ಥಾವರ 1964ರಲ್ಲಿ ಕಾರ್ಯಾರಂಭ ಮಾಡಿತು. 1970ರ ದಶಕದಲ್ಲಿ ತಾರಾಪುರದಲ್ಲಿಯೂ, 1990ರ ದಶಕದ ಕೊನೆಯ ಭಾಗದಲ್ಲಿ ಕಲ್ಪಾಕ್ಕಂನಲ್ಲಿಯೂ ಸ್ಥಾವರಗಳು ಸಿದ್ಧವಾದವು. ಹೋಮಿ ಭಾಭಾ ಅವರು 1950ರ ದಶಕದಲ್ಲಿ ರೂಪಿಸಿದ ಮೂರು ಹಂತಗಳ ಯೋಜನೆಯಲ್ಲಿ ಮರುಸಂಸ್ಕರಣೆಯೇ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಸೇತುವೆ. ಮೊದಲ ಹಂತದ ಭಾರಜಲ ರಿಯಾಕ್ಟರುಗಳಲ್ಲಿ ಹುಟ್ಟಿದ ಪ್ಲುಟೋನಿಯಂ ಎರಡನೆಯ ಹಂತದ ಶೀಘ್ರ ರಿಯಾಕ್ಟರುಗಳಿಗೆ ಇಂಧನವಾಗಬೇಕು; ಮೂರನೆಯ ಹಂತದಲ್ಲಿ ನಮ್ಮ ಕರಾವಳಿಯ ಮರಳಿನಲ್ಲಿ ಹೇರಳವಾಗಿರುವ ಥೋರಿಯಂ ಬಳಕೆಗೆ ಬರಬೇಕು. ಅಂದರೆ ಇತರ ಕೆಲವು ದೇಶಗಳಲ್ಲಿ ಮರುಸಂಸ್ಕರಣೆ ತ್ಯಾಜ್ಯ ನಿರ್ವಹಣೆಯ ಒಂದು ಆಯ್ಕೆಯಾದರೆ, ನಮ್ಮಲ್ಲಿ ಅದು ಇಡೀ ಯೋಜನೆಯ ಬೆನ್ನೆಲುಬು.

ಶೇಕಡಾವಾರು ಲೆಕ್ಕದ ಒಳಗು

'ಶೇಕಡಾ 95ಕ್ಕಿಂತ ಹೆಚ್ಚು ಮರುಬಳಕೆಗೆ ಯೋಗ್ಯ' ಎಂಬ ಮಾತನ್ನು ಕೈಗಾ ಮಾದರಿಯ ಭಾರಜಲ ರಿಯಾಕ್ಟರಿಗೆ ಅನ್ವಯಿಸಿ ನೋಡುವುದು ಉಪಯುಕ್ತ. ಈ ರಿಯಾಕ್ಟರುಗಳಲ್ಲಿ ಒಂದು ಟನ್ ನೈಸರ್ಗಿಕ ಯುರೇನಿಯಂ ಸುಮಾರು 7,000 ಮೆಗಾವ್ಯಾಟ್-ದಿನಗಳಷ್ಟು ಶಾಖವನ್ನು ಕೊಟ್ಟು ಹೊರಬರುತ್ತದೆ. ಒಂದು ಗ್ರಾಂ ಯುರೇನಿಯಂ ಪೂರ್ತಿ ವಿದಳನಗೊಂಡರೆ ಹೆಚ್ಚುಕಡಿಮೆ ಒಂದು ಮೆಗಾವ್ಯಾಟ್-ದಿನದ ಶಾಖ ಸಿಗುವುದರಿಂದ, ಒಂದು ಟನ್ನಿನಲ್ಲಿ ನಿಜವಾಗಿ ಒಡೆದು ಹೋದದ್ದು ಸುಮಾರು 7 ಕಿಲೋಗ್ರಾಂ ಎಂದಾಯಿತು. ಅದರ ಜೊತೆಗೆ ಮೂರೂವರೆ ಕಿಲೋಗ್ರಾಂನಷ್ಟು ಪ್ಲುಟೋನಿಯಂ ಹುಟ್ಟಿರುತ್ತದೆ. ಉಳಿದ ಸುಮಾರು 990 ಕಿಲೋಗ್ರಾಂ ಯುರೇನಿಯಂ. ತೂಕದ ಲೆಕ್ಕದಲ್ಲಿ ಶೇಕಡಾ 99 'ಮರುಬಳಕೆಗೆ ಯೋಗ್ಯ' ಎಂದು ಹೇಳಬಹುದು. ಆ ಹೇಳಿಕೆ ಸುಳ್ಳಲ್ಲ.

ಆದರೆ ಆ 990 ಕಿಲೋಗ್ರಾಂ ಯುರೇನಿಯಂನಲ್ಲಿ ಯುರೇನಿಯಂ-235ರ ಪಾಲು ನೈಸರ್ಗಿಕ ಪ್ರಮಾಣದ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಅದೇ ರಿಯಾಕ್ಟರಿಗೆ ಅದನ್ನು ಮುಖ್ಯ ಇಂಧನವಾಗಿ ಮತ್ತೆ ತುಂಬಿದರೆ ಸರಣಿಕ್ರಿಯೆ ನಡೆಯದು. ಅದರ ಸಾಮರ್ಥ್ಯ ಹೊರಬರಬೇಕಾದರೆ ಶೀಘ್ರ ರಿಯಾಕ್ಟರುಗಳಲ್ಲಿ ಅದನ್ನು ಪ್ಲುಟೋನಿಯಂ ಆಗಿ ಪರಿವರ್ತಿಸಬೇಕು. ಕಲ್ಪಾಕ್ಕಂನ ಪ್ರಾಯೋಗಿಕ ಶೀಘ್ರ ರಿಯಾಕ್ಟರು 1985ರಲ್ಲಿ ಕ್ರಿಯಾಶೀಲವಾಯಿತು. ಅಲ್ಲಿಯೇ ನಿರ್ಮಾಣಗೊಂಡ 500 ಮೆಗಾವ್ಯಾಟ್ ಸಾಮರ್ಥ್ಯದ ಮಾದರಿ ಶೀಘ್ರ ತಳಿ ರಿಯಾಕ್ಟರಿಗೆ ಅಂತರಾಳ ತುಂಬುವ ಕಾರ್ಯ ಆರಂಭವಾದದ್ದು 2024ರ ಮಾರ್ಚ್‌ನಲ್ಲಿ. ಶೀಘ್ರ ರಿಯಾಕ್ಟರಿನ ಇಂಧನವನ್ನು ಸಂಸ್ಕರಿಸುವ ಪ್ರಾತ್ಯಕ್ಷಿಕೆ ಸ್ಥಾವರವನ್ನು ಅದೇ ವರ್ಷದ ಜನವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಪ್ರಾಯೋಗಿಕ ರಿಯಾಕ್ಟರಿಗೂ ಈ ಘಟ್ಟಕ್ಕೂ ನಡುವಿನ ಅಂತರ ನಾಲ್ಕು ದಶಕಗಳ ಸಮೀಪದ್ದು. 'ಮರುಬಳಕೆಗೆ ಯೋಗ್ಯ' ಎಂಬುದಕ್ಕೂ 'ಮರುಬಳಕೆಯಾಗುತ್ತಿದೆ' ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಇದರಿಂದ ಅಳೆಯಬಹುದು.

ಇನ್ನೂ ಮುಖ್ಯವಾದ ಅಂಶವೆಂದರೆ, ಅಪಾಯ ತೂಕವನ್ನು ಅನುಸರಿಸುವುದಿಲ್ಲ. ಮೊದಲ ಕೆಲವು ಶತಮಾನಗಳ ಕಾಲ ವಿಕಿರಣದ ಬಹುಪಾಲು ಬರುವುದು ಆ 7 ಕಿಲೋಗ್ರಾಂ ಚೂರುಗಳಿಂದ. 99 ಭಾಗವನ್ನು ಬೇರ್ಪಡಿಸಿದ ಮಾತ್ರಕ್ಕೆ ತಕ್ಷಣದ ಅಪಾಯ ನೂರರಲ್ಲೊಂದು ಪಾಲಾಗುವುದಿಲ್ಲ. ಅದು ಬಹುಮಟ್ಟಿಗೆ ಹಾಗೆಯೇ ಇದ್ದು, ಘನ ಇಂಧನದಿಂದ ದ್ರವರೂಪಕ್ಕೆ ಬಂದಿರುತ್ತದೆ. 1957ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಒಕ್ಕೂಟದ ಮಾಯಕ್ ಕೇಂದ್ರದಲ್ಲಿ ಸಿಡಿದದ್ದು ರಿಯಾಕ್ಟರಲ್ಲ. ತಂಪುಗೊಳಿಸುವ ವ್ಯವಸ್ಥೆ ಕೆಟ್ಟ, ಮರುಸಂಸ್ಕರಣೆಯ ದ್ರವತ್ಯಾಜ್ಯದ ತೊಟ್ಟಿ.

ಇದರ ಜೊತೆಗೆ ಸುರಕ್ಷತೆಯ ಇನ್ನೊಂದು ಮುಖವನ್ನೂ ಪರಿಗಣಿಸಬೇಕು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಒಂದು ಸ್ಫೋಟಕ ಸಾಧನಕ್ಕೆ ಸಾಕಾಗಬಹುದಾದ ಪ್ಲುಟೋನಿಯಂನ ಮೊತ್ತವನ್ನು 8 ಕಿಲೋಗ್ರಾಂ ಎಂದು ಪರಿಗಣಿಸುತ್ತದೆ. ಮೇಲಿನ ಲೆಕ್ಕದಂತೆ ಎರಡೂವರೆ ಟನ್ನಿಗಿಂತ ಕಡಿಮೆ ಬಳಸಿದ ಇಂಧನದಲ್ಲಿ ಅಷ್ಟು ಪ್ಲುಟೋನಿಯಂ ಅಡಗಿರುತ್ತದೆ. ಇಂಧನದೊಳಗೆ ಬೆರೆತಿರುವವರೆಗೆ ತೀವ್ರ ವಿಕಿರಣವೇ ಅದನ್ನು ಕಾಯುತ್ತದೆ. ಬೇರ್ಪಡಿಸಿದ ಮೇಲೆ ಮನುಷ್ಯರೇ ಕಾಯಬೇಕು.

ವಿದೇಶಗಳ ಅನುಭವ

ಮರುಸಂಸ್ಕರಣೆಯನ್ನು ದೊಡ್ಡ ಪ್ರಮಾಣದಲ್ಲಿ ನಿರಂತರವಾಗಿ ನಡೆಸಿರುವ ದೇಶ ಫ್ರಾನ್ಸ್. ಅಲ್ಲಿನ ಲಾ ಹಾಗ್ ಕೇಂದ್ರ 1966ರಿಂದ ಕೆಲಸ ಮಾಡುತ್ತಿದ್ದು, ವರ್ಷಕ್ಕೆ 1,700 ಟನ್ ಇಂಧನವನ್ನು ಸಂಸ್ಕರಿಸುವ ಸಾಮರ್ಥ್ಯ ಪಡೆದಿದೆ. ಬೇರ್ಪಟ್ಟ ಪ್ಲುಟೋನಿಯಂ ಅನ್ನು ಯುರೇನಿಯಂನೊಡನೆ ಬೆರೆಸಿ ಮಿಶ್ರ ಆಕ್ಸೈಡ್ ಇಂಧನವಾಗಿ ಮಾಡುತ್ತಾರೆ. ಆ ದೇಶದ ಪರಮಾಣು ವಿದ್ಯುತ್ತಿನ ಸುಮಾರು ಹತ್ತರಲ್ಲೊಂದು ಪಾಲು ಇದರಿಂದ ದೊರೆಯುತ್ತದೆ. ಆದರೆ ಈ ಮಿಶ್ರ ಇಂಧನವನ್ನು ಒಮ್ಮೆ ಉರಿಸಿದ ಬಳಿಕ ಅದರಲ್ಲಿನ ಪ್ಲುಟೋನಿಯಂನ ಗುಣಮಟ್ಟ ಕುಸಿಯುತ್ತದೆ. ಸುಲಭವಾಗಿ ಒಡೆಯದ ಭಾರವಾದ ಸಮಸ್ಥಾನಿಗಳು ಅದರಲ್ಲಿ ಹೆಚ್ಚುತ್ತವೆ. ಆದಕಾರಣ ಅದನ್ನು ಹಗುರನೀರಿನ ರಿಯಾಕ್ಟರುಗಳಲ್ಲಿ ಮತ್ತೆ ಮತ್ತೆ ಬಳಸದೆ ಕೊಳಗಳಲ್ಲಿ ಕಾಯ್ದಿರಿಸಲಾಗಿದೆ. ಹಳೆಯ ಕಾಗದದಿಂದ ಮಾಡಿದ ಕಾಗದದ ನಾರು ಪ್ರತಿ ಸುತ್ತಿನಲ್ಲೂ ಗಿಡ್ಡವಾಗುವಂತೆ ಇಲ್ಲಿಯೂ ಪ್ರತಿ ಸುತ್ತಿಗೆ ಒಂದು ಬೆಲೆಯಿದೆ. ಬೇರ್ಪಟ್ಟ ಯುರೇನಿಯಂಗೂ ತೊಡಕುಗಳಿವೆ: ಅದರೊಳಗೆ ಸೇರಿರುವ ಯುರೇನಿಯಂ-236 ನ್ಯೂಟ್ರಾನುಗಳನ್ನು ನುಂಗುತ್ತದೆ, ಯುರೇನಿಯಂ-232ರ ಸಂತತಿ ತೀಕ್ಷ್ಣ ಗಾಮಾ ಕಿರಣಗಳನ್ನು ಸೂಸುತ್ತದೆ. ಆದರೂ ಫ್ರಾನ್ಸಿನ ಕ್ರೂವಾಸ್ ಸ್ಥಾವರದಲ್ಲಿ 2024ರಲ್ಲಿ ಇಂತಹ ಯುರೇನಿಯಂನ ಬಳಕೆ ಮತ್ತೆ ಆರಂಭವಾಗಿದೆ.

ಬ್ರಿಟನ್ನಿನ ಕಥೆ ಬೇರೆ. ಸೆಲ್ಲಾಫೀಲ್ಡ್‌ನ ಥಾರ್ಪ್ ಸ್ಥಾವರ 1994ರಲ್ಲಿ ಆರಂಭವಾಗಿ 2018ರಲ್ಲಿ ಮುಚ್ಚಿತು. ಹಳೆಯ ಮ್ಯಾಗ್ನಾಕ್ಸ್ ಮರುಸಂಸ್ಕರಣೆ 2022ರಲ್ಲಿ ಕೊನೆಗೊಂಡಿತು. ಮುಂದೊಂದು ದಿನ ಇಂಧನವಾದೀತೆಂದು ದಶಕಗಳ ಕಾಲ ಬೇರ್ಪಡಿಸಿದ ಪ್ಲುಟೋನಿಯಂ ಸುಮಾರು 140 ಟನ್ನುಗಳಷ್ಟು ಉಳಿದುಕೊಂಡಿತು. ಅದನ್ನು ಇಂಧನವಾಗಿ ಬಳಸದೆ ಸ್ಥಿರರೂಪಕ್ಕೆ ತಂದು ಭೂಗರ್ಭದಲ್ಲಿ ವಿಲೇವಾರಿ ಮಾಡುವ ನಿರ್ಧಾರವನ್ನು ಅಲ್ಲಿನ ಸರ್ಕಾರ 2025ರ ಜನವರಿಯಲ್ಲಿ ಪ್ರಕಟಿಸಿತು. ಬೇರ್ಪಡಿಸಿದ್ದೆಲ್ಲ ಬಳಕೆಯಾಗುತ್ತದೆ ಎಂಬ ನಂಬಿಕೆಗೆ ಇದು ದೊಡ್ಡ ಎಚ್ಚರಿಕೆ. ಜಪಾನಿನ ರೊಕ್ಕಾಶೋ ಸ್ಥಾವರದ ನಿರ್ಮಾಣ 1993ರಲ್ಲಿ ಆರಂಭವಾಗಿ, ಪೂರ್ಣಗೊಳ್ಳುವ ದಿನಾಂಕ ಇಪ್ಪತ್ತಕ್ಕೂ ಹೆಚ್ಚು ಬಾರಿ ಮುಂದೆ ಹೋಯಿತು. ಅಮೆರಿಕದಲ್ಲಿ 1977ರಲ್ಲಿ ಅಧ್ಯಕ್ಷ ಕಾರ್ಟರ್ ವಾಣಿಜ್ಯ ಮರುಸಂಸ್ಕರಣೆಯನ್ನು ಅನಿರ್ದಿಷ್ಟ ಕಾಲ ಮುಂದೂಡಿದರು. 1981ರಲ್ಲಿ ಆ ನಿರ್ಬಂಧ ತೆರವಾದ ಮೇಲೂ ವೆಚ್ಚದ ಕಾರಣದಿಂದ ಉದ್ಯಮ ಅದರತ್ತ ಮರಳಲಿಲ್ಲ. ಫಿನ್‌ಲೆಂಡ್ ಮರುಸಂಸ್ಕರಣೆಯ ಗೊಡವೆಯೇ ಬೇಡವೆಂದು, ಬಳಸಿದ ಇಂಧನವನ್ನು ನೇರವಾಗಿ ಹೂಳಲು ಓಲ್ಕಿಲುಓಟೊದಲ್ಲಿ 400 ಮೀಟರಿಗೂ ಆಳವಾದ ಸುರಂಗಗಳನ್ನು ಕೊರೆದಿದೆ.

ತ್ಯಾಜ್ಯದಿಂದ ಚಿಕಿತ್ಸೆಗೆ

ತೂಕದಲ್ಲಿ ಅತ್ಯಲ್ಪವಾದರೂ ಉಪಯೋಗದಲ್ಲಿ ಗಮನಾರ್ಹವಾದ ಎರಡನೆಯ ಬಗೆಯ ಮರುಬಳಕೆಯಲ್ಲಿ ವಿಕಿರಣವೇ ಬೇಕಾದ ವಸ್ತು. ಮರುಸಂಸ್ಕರಣೆಯ ತೀವ್ರ ದ್ರವತ್ಯಾಜ್ಯದಿಂದ ಸೀಸಿಯಂ-137ನ್ನು ಹೊರತೆಗೆದು, ಗಾಜಿನಲ್ಲಿ ಬೆರೆಸಿ, ಉಕ್ಕಿನ ಕೊಳವೆಗಳಲ್ಲಿ ಮೊಹರು ಮಾಡಿದ ಕಡ್ಡಿಗಳನ್ನು ಭಾಭಾ ಪರಮಾಣು ಸಂಶೋಧನ ಕೇಂದ್ರ ತಯಾರಿಸಿದೆ. ರೋಗಿಗೆ ಕೊಡುವ ಮೊದಲು ರಕ್ತವನ್ನು ವಿಕಿರಣಕ್ಕೆ ಒಡ್ಡುವ ಸಾಧನಗಳಲ್ಲಿ ಇವು ಬಳಕೆಯಾಗುತ್ತವೆ. ಅದೇ ತ್ಯಾಜ್ಯದಿಂದ ದೊರೆಯುವ ರುಥೇನಿಯಂ-106ನ್ನು ಲೇಪಿಸಿದ ಪುಟ್ಟ ಬೆಳ್ಳಿಯ ಫಲಕಗಳು ಕಣ್ಣಿನ ಕ್ಯಾನ್ಸರಿನ ಚಿಕಿತ್ಸೆಗೆ ನೆರವಾಗಿವೆ. ಸ್ಟ್ರಾನ್ಷಿಯಂ-90ರಿಂದ ಹುಟ್ಟುವ ಇಟ್ರಿಯಂ-90 ಕೂಡ ಚಿಕಿತ್ಸೆಗೆ ಉಪಯುಕ್ತ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬಳಸುತ್ತಿದ್ದ ರೇಡಿಯಂ ಸೂಜಿಗಳ ಗತಿಯೂ ಹೀಗೆಯೇ ಬದಲಾಗಿದೆ. ರೇಡಿಯಂ-226ರ ಅರ್ಧಾಯು 1,600 ವರ್ಷ. ಸೋರುವ ಭಯದಿಂದ ಈ ಸೂಜಿಗಳನ್ನು ಅನೇಕ ದೇಶಗಳಲ್ಲಿ ಹೊರೆಯೆಂದು ಕೂಡಿಡಲಾಗಿತ್ತು. ಆ ರೇಡಿಯಂನಿಂದ ಆಕ್ಟಿನಿಯಂ-225 ಎಂಬ, ಗಂಟಿನ ಜೀವಕೋಶಗಳನ್ನು ಸಮೀಪದಿಂದ ನಾಶಪಡಿಸುವ ಔಷಧಿಮೂಲವನ್ನು ತಯಾರಿಸಬಹುದೆಂಬುದು ದೃಢವಾದ ಮೇಲೆ, ಹಳೆಯ ರೇಡಿಯಂ ಇರುವವರಿಗೂ ಬೇಕಾದವರಿಗೂ ಸಂಪರ್ಕ ಕಲ್ಪಿಸುವ ಕಾರ್ಯಕ್ರಮವನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2021ರಲ್ಲಿ ಆರಂಭಿಸಿತು. ಬ್ರಿಟನ್ನಿನ ಹಳೆಯ ಪ್ಲುಟೋನಿಯಂ ದಾಸ್ತಾನಿನಲ್ಲಿ ಕಾಲಕ್ರಮೇಣ ಕೂಡಿಕೊಂಡ ಅಮೆರಿಸಿಯಂ-241ನ್ನು ಬೇರ್ಪಡಿಸಿ ಬಾಹ್ಯಾಕಾಶ ನೌಕೆಗಳ ವಿದ್ಯುತ್ ಮೂಲವಾಗಿ ಬಳಸುವ ಪ್ರಯತ್ನವೂ ನಡೆದಿದೆ.

ಆದರೆ ಈ ಬಗೆಯ ಮರುಬಳಕೆಯಿಂದ ತ್ಯಾಜ್ಯದ ಸಮಸ್ಯೆ ನೀಗುತ್ತದೆಂದು ಭಾವಿಸಲಾಗದು. ಆಸ್ಪತ್ರೆಗಳಿಗೆ ಬೇಕಾದುದು ಅತ್ಯಲ್ಪ; ಬಳಸಿದ ಬಳಿಕ ಆ ಕಡ್ಡಿಗಳೂ ಮತ್ತೆ ತ್ಯಾಜ್ಯವೇ. ಇದರ ಲಾಭವನ್ನು ತ್ಯಾಜ್ಯದ ಇಳಿಕೆಯಲ್ಲಿ ಅಳೆಯದೆ ಗುಣಮುಖರಾದ ರೋಗಿಗಳಲ್ಲಿ ಅಳೆಯಬೇಕು.

ಲೋಹಗಳ ಮರುಬಳಕೆ

ಆಯುಷ್ಯ ಮುಗಿದ ಸ್ಥಾವರಗಳನ್ನು ಕಳಚುವಾಗ ಹೊರಬರುವ ಉಕ್ಕು, ತಾಮ್ರ, ಸೀಸಗಳು ಮೂರನೆಯ ಕ್ಷೇತ್ರ. ಇಲ್ಲಿ ಎರಡು ಸ್ಥಿತಿಗಳನ್ನು ಬೇರೆಯಾಗಿ ಕಾಣಬೇಕು. ರಿಯಾಕ್ಟರಿನ ಅಂತರಾಳದ ಸಮೀಪದಲ್ಲಿದ್ದ ಉಕ್ಕು ನ್ಯೂಟ್ರಾನುಗಳ ಹೊಡೆತದಿಂದ ತನ್ನ ಒಡಲೊಳಗೇ ವಿಕಿರಣಶೀಲವಾಗಿರುತ್ತದೆ; ಅದನ್ನು ತೊಳೆದು ಶುದ್ಧ ಮಾಡಲಾಗದು. ದೂರದ ಕೊಳವೆ, ತೊಟ್ಟಿ, ಶಾಖವಿನಿಮಯಕಗಳಲ್ಲಿ ಮಲಿನತೆ ಮೇಲ್ಮೈಗೆ ಮಾತ್ರ ಅಂಟಿರುತ್ತದೆ. ಉಜ್ಜಿ, ಆಮ್ಲದಲ್ಲಿ ತೊಳೆದು, ಅಗತ್ಯವಾದರೆ ಕರಗಿಸಿ ಅದನ್ನು ಬಹುಮಟ್ಟಿಗೆ ತೆಗೆಯಬಹುದು. ಸ್ವೀಡನ್ನಿನ ಸ್ಟಡ್ಸ್‌ವಿಕ್ ಹಾಗೂ ಜರ್ಮನಿಯ ಕ್ರೆಫೆಲ್ಡ್‌ಗಳಲ್ಲಿ ಇದಕ್ಕೆಂದೇ ಕುಲುಮೆಗಳಿವೆ.

ಕರಗಿಸುವಾಗ ಧಾತುಗಳು ತಂತಮ್ಮ ಸ್ವಭಾವಕ್ಕೆ ಅನುಗುಣವಾಗಿ ಹಂಚಿಹೋಗುತ್ತವೆ. ಸೀಸಿಯಂ ಸುಲಭವಾಗಿ ಆವಿಯಾಗಿ ಹೊಗೆಯ ದೂಳನ್ನು ಸೇರುತ್ತದೆ. ಯುರೇನಿಯಂ, ಪ್ಲುಟೋನಿಯಂ, ಅಮೆರಿಸಿಯಂಗಳು ಮೇಲೆ ತೇಲುವ ಕಿಟ್ಟದಲ್ಲಿ ಕೂಡಿಕೊಳ್ಳುತ್ತವೆ. ಕೋಬಾಲ್ಟ್ ಮಾತ್ರ ಕಬ್ಬಿಣದ ಬಂಧುವಾದುದರಿಂದ ಉಕ್ಕಿನಲ್ಲೇ ಸಮವಾಗಿ ಬೆರೆತು ನಿಲ್ಲುತ್ತದೆ. ಆದ್ದರಿಂದ ಸೀಸಿಯಂ ಮತ್ತು ಯುರೇನಿಯಂಗಳ ವಿಷಯದಲ್ಲಿ ಕುಲುಮೆ ಶುದ್ಧೀಕರಣದ ಸಾಧನವಾಗುತ್ತದೆ. ಕೋಬಾಲ್ಟಿನ ವಿಷಯದಲ್ಲಿ ಕಾಯುವುದೇ ಮದ್ದು. 50 ವರ್ಷ ಕಾದರೆ ಕೋಬಾಲ್ಟ್-60ರ ವಿಕಿರಣ ಸುಮಾರು 700ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೀಗೆ ಶುದ್ಧಗೊಂಡ ಲೋಹವನ್ನು ಯಾವ ಮಟ್ಟದಲ್ಲಿ ಸಾಮಾನ್ಯ ಮಾರುಕಟ್ಟೆಗೆ ಬಿಡಬಹುದು? ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಅದರಿಂದ ಯಾವೊಬ್ಬ ವ್ಯಕ್ತಿಗೂ ವರ್ಷಕ್ಕೆ 10 ಮೈಕ್ರೊಸೀವರ್ಟಿನ ಆಸುಪಾಸಿಗಿಂತ ಹೆಚ್ಚು ವಿಕಿರಣ ತಗುಲಬಾರದು. ನಿಸರ್ಗದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗುಲುವುದರಿಂದ ಇದು ಅದರ 240ರಲ್ಲಿ ಒಂದು ಪಾಲು. ಇದಕ್ಕೆ ಅನುಗುಣವಾಗಿ ಕೋಬಾಲ್ಟ್-60 ಮತ್ತು ಸೀಸಿಯಂ-137ಗಳಿಗೆ ಗ್ರಾಮಿಗೆ 0.1 ಬೆಕೆರೆಲ್ ಎಂಬ ಮಿತಿಯನ್ನು ಸೂಚಿಸಲಾಗಿದೆ.

ವೈಜ್ಞಾನಿಕವಾಗಿ ಈ ಮಿತಿ ಸಮರ್ಥನೀಯವೇ ಆದರೂ ದೇಶಗಳು ಬೇರೆ ಬೇರೆ ಹಾದಿ ಹಿಡಿದಿವೆ. ಜರ್ಮನಿ, ಸ್ವೀಡನ್‌ಗಳು ಇಂತಹ ಬಿಡುಗಡೆಗೆ ಅವಕಾಶ ಕೊಟ್ಟಿವೆ. ಅಮೆರಿಕದ ಇಂಧನ ಇಲಾಖೆ ತನ್ನ ವಿಕಿರಣ ವಲಯಗಳ ಲೋಹವನ್ನು ಮರುಬಳಕೆಗೆ ಬಿಡುವುದನ್ನು 2000ದಲ್ಲಿ ತಡೆಹಿಡಿಯಿತು. ತಮ್ಮ ಉಕ್ಕಿನ ಮೇಲೆ ಗ್ರಾಹಕರ ವಿಶ್ವಾಸ ಕುಸಿದೀತೆಂಬ ಉಕ್ಕು ಉದ್ಯಮದ ಆತಂಕವೂ ಇದರ ಹಿಂದಿತ್ತು. ಫ್ರಾನ್ಸ್ ದೀರ್ಘಕಾಲ ಇಂತಹ ಬಿಡುಗಡೆಯ ಮಿತಿಯನ್ನೇ ಒಪ್ಪದೆ, 2022ರಲ್ಲಿ ಅತಿ ಕೆಳಮಟ್ಟದ ಲೋಹಗಳಿಗಷ್ಟೇ ಷರತ್ತುಬದ್ಧ ಅನುಮತಿ ನೀಡಿತು.

ಗುಜರಿಯ ದಾರಿ

ಯೋಜಿತ ಮರುಬಳಕೆಗೆ ಇಷ್ಟೊಂದು ಮಿತಿ, ನಿಬಂಧನೆಗಳಿರುವಾಗ, ಜನರಿಗೆ ನಿಜವಾದ ಹಾನಿ ಉಂಟಾದದ್ದು ಯಾರೂ ಯೋಜಿಸದ ಮರುಬಳಕೆಯಿಂದ. ಆಸ್ಪತ್ರೆ, ಪ್ರಯೋಗಾಲಯ, ಕಾರ್ಖಾನೆಗಳಲ್ಲಿ ಬಳಸಿ ಮರೆತ ವಿಕಿರಣ ಮೂಲಗಳು ಹಳೆಯ ಕಬ್ಬಿಣವೆಂದು ಗುಜರಿಗೆ ಸೇರಿದಾಗ ಏನಾಗುತ್ತದೆಂಬುದಕ್ಕೆ ನಿದರ್ಶನಗಳು ಹಲವಾರು.

1983ರ ಕೊನೆಯಲ್ಲಿ ಮೆಕ್ಸಿಕೊದ ಹ್ವಾರೆಸ್ ನಗರದಲ್ಲಿ ಚಿಕಿತ್ಸಾ ಯಂತ್ರವೊಂದರ ಕೋಬಾಲ್ಟ್-60 ಗುಳಿಗೆಗಳು ಗುಜರಿಯ ಮೂಲಕ ಕುಲುಮೆ ಸೇರಿ ಕಟ್ಟಡದ ಸರಳುಗಳಾದವು. ಆ ಸರಳುಗಳನ್ನು ಹೊತ್ತ ಲಾರಿಯೊಂದು 1984ರ ಜನವರಿಯಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಬಳಿ ಹಾದುಹೋದಾಗ ಅಲ್ಲಿನ ಮಾಪಕ ಎಚ್ಚರಿಸಿದ್ದರಿಂದ ವಿಷಯ ಬೆಳಕಿಗೆ ಬಂತು. ಅನೇಕ ಕಟ್ಟಡಗಳನ್ನು ಕೆಡವಬೇಕಾಯಿತು. 1998ರಲ್ಲಿ ಸ್ಪೇನಿನ ಅಲ್ಜೆಸಿರಾಸ್ ಬಳಿಯ ಉಕ್ಕಿನ ಕಾರ್ಖಾನೆಯಲ್ಲಿ ಸೀಸಿಯಂ-137 ಮೂಲವೊಂದು ಕರಗಿತು; ಉಕ್ಕು ಶುದ್ಧವಾಗಿಯೇ ಉಳಿಯಿತು, ಆದರೆ ಆವಿಯಾದ ಸೀಸಿಯಂ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ಗಳ ಗಾಳಿಯಲ್ಲಿ ಪತ್ತೆಯಾಯಿತು. ಕೋಬಾಲ್ಟ್ ಲೋಹದಲ್ಲಿ ನಿಲ್ಲುತ್ತದೆ, ಸೀಸಿಯಂ ಹೊಗೆಯಾಗುತ್ತದೆ ಎಂಬ ರಸಾಯನ ನಿಯಮಕ್ಕೆ ಇವೆರಡೂ ದುಬಾರಿ ಸಾಕ್ಷಿಗಳು.

ಎಲ್ಲಕ್ಕಿಂತ ದಾರುಣವಾದುದು 1987ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ನಡೆದ ದುರಂತ. ಪಾಳುಬಿದ್ದ ಚಿಕಿತ್ಸಾಲಯವೊಂದರಲ್ಲಿ ಉಳಿದಿದ್ದ ಯಂತ್ರವನ್ನು ಕಳಚಿ ಗುಜರಿಗೆ ಮಾರಲಾಯಿತು. ಒಳಗಿದ್ದ ಸೀಸಿಯಂ ಕ್ಲೋರೈಡ್ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದರಿಂದ ಜನ ಅದನ್ನು ಬೆರಗಿನಿಂದ ಮನೆಮನೆಗೆ ಹಂಚಿಕೊಂಡರು. ನಾಲ್ವರು ಸತ್ತರು, 249 ಜನರಿಗೆ ಮಲಿನತೆ ಅಂಟಿತು, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆಗೆ ಒಳಪಡಿಸಲಾಯಿತು. ಪುಡಿಯ ಬದಲು ಗಾಜಿನ ರೂಪದಲ್ಲಿ ಸೀಸಿಯಂ ಅನ್ನು ಕೂಡಿಡುವ ಇಂದಿನ ಕ್ರಮದ ಮಹತ್ವ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ: ಗಾಜು ನೀರಿನಲ್ಲಿ ಕರಗದು, ಪುಡಿಯಂತೆ ಹರಡದು.

ಭಾರತವೂ ಇದರಿಂದ ಹೊರತಾಗಿ ಉಳಿಯಲಿಲ್ಲ. 2008ರಲ್ಲಿ ಫ್ರಾನ್ಸಿನಲ್ಲಿ ಅಳವಡಿಸಲಾದ ಲಿಫ್ಟುಗಳ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಗಿ, ಅದರ ಉಕ್ಕು ಭಾರತದ್ದೆಂದು ತಿಳಿದುಬಂತು. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ, ವಿಶ್ವವಿದ್ಯಾನಿಲಯದ ಪ್ರಯೋಗಾಲಯವೊಂದರಿಂದ ಹರಾಜಾದ ಹಳೆಯ ಗಾಮಾ ಸಾಧನವನ್ನು ಒಡೆದಾಗ ಹಲವರು ತೀವ್ರ ವಿಕಿರಣಕ್ಕೆ ಒಳಗಾದರು. ಒಬ್ಬ ಕಾರ್ಮಿಕ ಸಾವಿಗೀಡಾದ. ವಿಕಿರಣಶೀಲ ತ್ಯಾಜ್ಯಗಳ ಸುರಕ್ಷಿತ ವಿಲೇವಾರಿಗೆ ಭಾರತದಲ್ಲಿ 1987ರಲ್ಲಿಯೇ ನಿಯಮಗಳು ರೂಪುಗೊಂಡಿದ್ದವು. ಕೊರತೆಯಿದ್ದದ್ದು ನಿಯಮದಲ್ಲಲ್ಲ; ಯಾವ ಸಂಸ್ಥೆಯಲ್ಲಿ ಏನಿದೆ, ಅದರ ಹೊಣೆ ಯಾರದು ಎಂಬ ಲೆಕ್ಕಪತ್ರದ ನಿರಂತರತೆಯಲ್ಲಿ. ಸಾಧನವನ್ನು ತರಿಸಿದ ಅಧ್ಯಾಪಕರು ನಿವೃತ್ತರಾಗುತ್ತಾರೆ, ಕಡತ ಕಪಾಟು ಸೇರುತ್ತದೆ, ಫಲಕದ ಮೇಲಿನ ಎಚ್ಚರಿಕೆಯ ಚಿಹ್ನೆ ಮಾಸುತ್ತದೆ. ಮೂಲದ ವಿಕಿರಣ ಮಾತ್ರ ಉಳಿದಿರುತ್ತದೆ. ಇದರ ಫಲ ಉಣ್ಣುವವರು ದಿನಗೂಲಿಗೆ ದುಡಿಯುವ ಗುಜರಿ ಕಾರ್ಮಿಕರು.

ಮರುಬಳಕೆಗೆ ಒಗ್ಗದ ಉಳಿಕೆ

ಎಲ್ಲ ಬೇರ್ಪಡಿಕೆಗಳ ಬಳಿಕವೂ ಒಂದು ಶೇಷ ಉಳಿಯುತ್ತದೆ. ಅದನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಬೆಸೆದು ಉಕ್ಕಿನ ಡಬ್ಬಿಗಳಲ್ಲಿ ತುಂಬುವುದು ಇಂದಿನ ಅಂಗೀಕೃತ ಕ್ರಮ. ಭಾರತದಲ್ಲಿ ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಗಾಜೀಕರಣ ಘಟಕಗಳಿವೆ. ಶೇಷದಿಂದ ಅಮೆರಿಸಿಯಂನಂತಹ ದೀರ್ಘಾಯು ಧಾತುಗಳನ್ನೂ ಬೇರ್ಪಡಿಸುವ ಪ್ರಾತ್ಯಕ್ಷಿಕೆ ಘಟಕ ತಾರಾಪುರದಲ್ಲಿ 2013ರಲ್ಲಿ ಆರಂಭವಾಯಿತು. ಈ ಧಾತುಗಳು ಹೊರಹೋದರೆ ಉಳಿದ ಗಾಜಿನ ಅಪಾಯ ಲಕ್ಷಾಂತರ ವರ್ಷಗಳ ಬದಲು ಬಹುಮಟ್ಟಿಗೆ ಕೆಲವು ಶತಮಾನಗಳಲ್ಲಿ ಇಳಿಯುತ್ತದೆ. ಏಕೆಂದರೆ ಸೀಸಿಯಂ, ಸ್ಟ್ರಾನ್ಷಿಯಂಗಳು 300 ವರ್ಷಗಳಲ್ಲಿ ಸಾವಿರದ ಒಂದು ಪಾಲಿಗೆ ಕುಗ್ಗುತ್ತವೆ. ಇದು ಮರುಸಂಸ್ಕರಣೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ವಾದ. ಆದರೆ ಹೊರತೆಗೆದ ದೀರ್ಘಾಯು ಧಾತುಗಳನ್ನು ಶೀಘ್ರ ರಿಯಾಕ್ಟರಿನಲ್ಲಿ ಉರಿಸಿದರೆ ಮಾತ್ರ ಈ ವಾದ ಪೂರ್ಣವಾಗುತ್ತದೆ. ಟೆಕ್ನೀಶಿಯಂ-99, ಅಯೊಡಿನ್-129ಗಳಂತಹ ದೀರ್ಘಾಯು ಚೂರುಗಳ ಪ್ರಶ್ನೆ ಆಗಲೂ ಉಳಿಯುತ್ತದೆ. ಬೇರ್ಪಡಿಕೆ ತಾನೇ ಹೊಸ ತ್ಯಾಜ್ಯಗಳನ್ನು ಸೃಷ್ಟಿಸುತ್ತದೆಂಬುದನ್ನೂ ಮರೆಯುವಂತಿಲ್ಲ: ಮಲಿನಗೊಂಡ ಕವಚದ ತುಂಡುಗಳು, ಹಳಸಿದ ದ್ರಾವಕಗಳು, ಚಿಮಣಿಯಿಂದ ಹೊರಹೋಗುವ ಕ್ರಿಪ್ಟಾನ್-85.

ಆದುದರಿಂದ ಮರುಬಳಕೆಯ ಹಾದಿ ಹಿಡಿದ ದೇಶಕ್ಕೂ ಭೂಗರ್ಭದ ಭಂಡಾರ ಬೇಕೇ ಬೇಕು. ಅದರ ಗಾತ್ರ ಮತ್ತು ಅವಧಿ ಕಡಿಮೆಯಾದೀತು, ಅಗತ್ಯ ತಪ್ಪದು. ಈ ಸಂದರ್ಭದಲ್ಲಿ ಕೋಲಾರವನ್ನು ನೆನೆಯಬೇಕು. 1980ರ ದಶಕದಲ್ಲಿ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ತ್ಯಾಜ್ಯದ ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ತಿಳಿಯಲು ಪ್ರಯೋಗ ನಡೆಸಲಾಯಿತು. ಅಲ್ಲಿ ಇರಿಸಿದ್ದು ತ್ಯಾಜ್ಯವನ್ನಲ್ಲ, ವಿದ್ಯುತ್ ಶಾಖೋಪಕರಣಗಳನ್ನು. 2001ರಲ್ಲಿ ಗಣಿ ಮುಚ್ಚಿದ ಬಳಿಕ, 2012ರ ನವೆಂಬರ್‌ನಲ್ಲಿ ಕೂಡಂಕುಳಂ ಸ್ಥಾವರದ ತ್ಯಾಜ್ಯವನ್ನು ಕೋಲಾರದಲ್ಲಿ ಹೂಳಲಾಗುವುದೆಂಬ ಸುದ್ದಿ ಹಬ್ಬಿದಾಗ ಜಿಲ್ಲೆಯ ಜನ ಬೀದಿಗಿಳಿದರು. ಅಂತಹ ಉದ್ದೇಶವಿಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಬೇಕಾಯಿತು. ಬಂಡೆಯ ಗುಣವನ್ನು ಅಳೆಯಲು ವರ್ಷಗಳನ್ನು ವಿನಿಯೋಗಿಸಿದ್ದ ವ್ಯವಸ್ಥೆ, ಬಂಡೆಯ ಮೇಲೆ ಬದುಕುವ ಜನರೊಡನೆ ಮಾತನಾಡಲು ಅಷ್ಟು ಕಾಲವನ್ನು ಕೊಡಲಿಲ್ಲವೆಂಬುದು ಈ ಪ್ರಸಂಗದಿಂದ ವೇದ್ಯವಾಗುತ್ತದೆ.

ಉಪಸಂಹಾರ

ವಿಕಿರಣಶೀಲ ವಸ್ತುಗಳನ್ನು ಮರುಬಳಕೆ ಮಾಡಬಹುದೆ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿಲ್ಲ. ಯುರೇನಿಯಂ, ಪ್ಲುಟೋನಿಯಂಗಳನ್ನು ಬೇರ್ಪಡಿಸುವ ತಂತ್ರ ಆರು ದಶಕಗಳಿಂದ ನಮ್ಮ ಕೈಯಲ್ಲಿದೆ. ಆದರೆ ಬೇರ್ಪಟ್ಟದ್ದನ್ನು ಉರಿಸುವ ರಿಯಾಕ್ಟರುಗಳು ಸಾಲದೆ ಹೋದರೆ ಮರುಸಂಸ್ಕರಣೆಯು ಒಂದು ದಾಸ್ತಾನನ್ನು ಎರಡಾಗಿ ಮಾಡುತ್ತದೆಯೇ ಹೊರತು ಸಮಸ್ಯೆಯನ್ನು ಪರಿಹರಿಸುವುದಿಲ್ಲ. ತ್ಯಾಜ್ಯದಿಂದ ಚಿಕಿತ್ಸೆಯ ಮೂಲಗಳನ್ನು ಪಡೆಯುವುದು ಪ್ರಮಾಣದಲ್ಲಿ ಚಿಕ್ಕದಾದರೂ ನಿಸ್ಸಂದೇಹವಾಗಿ ಸಾರ್ಥಕ. ಲೋಹಗಳ ವಿಷಯದಲ್ಲಿ ಮೇಲ್ಮೈ ಮಲಿನತೆ ಶುದ್ಧವಾಗಬಲ್ಲುದು. ಒಡಲೊಳಗಿನ ವಿಕಿರಣಕ್ಕೆ ಕಾಲವೇ ಔಷಧ.

ಯಾರಾದರೂ 'ಇಷ್ಟು ಶೇಕಡಾ ಮರುಬಳಕೆಗೆ ಯೋಗ್ಯ' ಎಂದಾಗ ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ: ಆ ಶೇಕಡಾವಾರು ತೂಕದ್ದೋ ವಿಕಿರಣದ್ದೋ? ಮರುಬಳಕೆ ನಡೆಯುತ್ತಿದೆಯೋ, ನಡೆಯಬಹುದೋ? ಉಳಿದ ಪಾಲು ಯಾವ ರೂಪದಲ್ಲಿ, ಯಾರ ಹೊಣೆಯಲ್ಲಿ, ಎಷ್ಟು ಕಾಲ ಇರುತ್ತದೆ? ಕೈಗಾದಲ್ಲಿ ತಲಾ 700 ಮೆಗಾವ್ಯಾಟ್ ಸಾಮರ್ಥ್ಯದ ಇನ್ನೆರಡು ಘಟಕಗಳಿಗೆ 2019ರಲ್ಲಿ ಪರಿಸರ ಅನುಮತಿ ದೊರೆತಿರುವ ಹಿನ್ನೆಲೆಯಲ್ಲಿ ಈ ಪ್ರಶ್ನೆಗಳು ಕನ್ನಡದಲ್ಲಿಯೇ, ಅಂಕಿಅಂಶಗಳ ಆಧಾರದ ಮೇಲೆ ಚರ್ಚೆಯಾಗಬೇಕಾದ ಅಗತ್ಯ ಹೆಚ್ಚಿದೆ. ನಮ್ಮ ವಿಶ್ವವಿದ್ಯಾನಿಲಯಗಳೂ ಆಸ್ಪತ್ರೆಗಳೂ ತಮ್ಮಲ್ಲಿರುವ ಹಳೆಯ ವಿಕಿರಣ ಮೂಲಗಳ ಪಟ್ಟಿಯನ್ನು ಕಾಲಕಾಲಕ್ಕೆ ಪರಿಶೀಲಿಸಿ, ಬಳಕೆ ಮುಗಿದವುಗಳನ್ನು ಅಧಿಕೃತ ಕೇಂದ್ರಗಳಿಗೆ ಹಿಂದಿರುಗಿಸುವುದು ಇಂದೇ ಕೈಗೊಳ್ಳಬಹುದಾದ ಕಾರ್ಯ. ಅದಕ್ಕೆ ಹೊಸ ರಿಯಾಕ್ಟರಾಗಲಿ ಹೊಸ ತಂತ್ರಜ್ಞಾನವಾಗಲಿ ಬೇಕಿಲ್ಲ. ಕ್ರಮವಾಗಿ ಇರಿಸಿದ ಒಂದು ದಾಖಲೆ ಪುಸ್ತಕ ಮತ್ತು ಅದನ್ನು ಓದುವ ಹೊಣೆಗಾರರು ಸಾಕು.